ಸದ್ದು ಮಾಡದ ಟ್ಯಾಪೆಟ್

ನಮ್ಮ ಕಾರು 2007ರದ್ದು. ಕೆಎ-25 ನಂಬರ್, ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್, ಕೆಲವು ವರ್ಷ ಓಡಿದ ಮೇಲೆ ಹಾಕಿಸಿದ ಎಲ್‌ಪಿಜಿ ಕಿಟ್. ಅಪ್ಪ ತಗೊಂಡಿದ್ದು. ಅವರು ಧಾರವಾಡದಿಂದ ಗದಗ, ಹಾವೇರಿ, ಊರಿನ ಹೊಲ ಅಂತ ಓಡಾಡಿ ಒಂದೂವರೆ ಲಕ್ಷ ಕಿಲೋಮೀಟರ್ ಹತ್ತಿರ ತಂದಿದ್ದರು. ಈಗ ಗಾಡಿ ನನ್ನ ಕೈಯಲ್ಲಿದೆ. ಮನೆ ಧಾರವಾಡದಲ್ಲಿ, ಕೆಲಸ ಹುಬ್ಬಳ್ಳಿಯಲ್ಲಿ. ಹೋಗಿ ಬರೋಕೆ ಹತ್ತಿರ ಹತ್ತಿರ 40 ಕಿಲೋಮೀಟರ್.

ಕಳೆದ ವರ್ಷ ಮಳೆಗಾಲ ಮುಗಿಯುವ ಹೊತ್ತಿಗೆ ಅದು ಮಿಸ್ಸಿಂಗ್ ಹೊಡೆಯಲು ಶುರು ಮಾಡಿತು. ಮಿಸ್ಸಿಂಗ್ ಅಂದರೆ ಎಂಜಿನ್ನಿನ ಏಟು ನಡುನಡುವೆ ತಪ್ಪುವುದು. ಬೆಳಗ್ಗೆ ಮನೆ ಮುಂದೆ ಸ್ಟಾರ್ಟ್ ಮಾಡಿದಾಗ ಏನೂ ಇಲ್ಲ. ಸತ್ತೂರು, ನವಲೂರು ದಾಟುವವರೆಗೂ ನೆಟ್ಟಗಿರುತ್ತಿತ್ತು. ಎಂಜಿನ್ ಪೂರ್ತಿ ಬಿಸಿಯಾಗಿ ಉಣಕಲ್ ಹತ್ತಿರ ಸಿಗ್ನಲ್‌ಗೆ ನಿಂತರೆ ಸಾಕು, ಸ್ಟೇರಿಂಗ್ ನಡುಗುತ್ತಿತ್ತು. ಸೈಲೆನ್ಸರ್ ಸದ್ದಿನಲ್ಲಿ ಲಯ ತಪ್ಪುತ್ತಿತ್ತು. ಮೂರು ಏಟು ಸರಿ, ಒಂದು ಖಾಲಿ. ಆಕ್ಸಿಲರೇಟರ್ ಸ್ವಲ್ಪ ಒತ್ತಿದರೆ ನಡುಕ ನಿಲ್ಲುತ್ತಿತ್ತು. ಚಿಗರಿ ಬಸ್ಸಿನ ಪಕ್ಕ 60ರ ಸ್ಪೀಡಿನಲ್ಲಿ ಓಡುವಾಗ ಗಾಡಿಗೆ ಏನೋ ಆಗಿದೆ ಅಂತ ಗೊತ್ತೇ ಆಗುತ್ತಿರಲಿಲ್ಲ.

ಬಿಸಿ ಇದ್ದಾಗ ಮಾತ್ರ, ನಿಂತಾಗ ಮಾತ್ರ. ಈ ಎರಡು ಮಾತನ್ನು ನಾನು ಮೊದಲ ವಾರವೇ ಅಪ್ಪನ ಡೈರಿಯಲ್ಲಿ ಬರೆದಿಟ್ಟೆ. ಅಪ್ಪ ಈ ಗಾಡಿಗೆ ಅಂತಲೇ ಒಂದು ಡೈರಿ ಇಟ್ಟಿದ್ದರು. ಯಾವತ್ತು ಆಯಿಲ್ ಬದಲಿಸಿದ್ದು, ಯಾವತ್ತು ಟೈರ್ ಹಾಕಿಸಿದ್ದು, ಆಗ ಮೀಟರ್ ಎಷ್ಟಿತ್ತು, ಎಲ್ಲಾ ಅದರಲ್ಲಿದೆ. ಹಳೆಯ ಗಾಡಿ ಇರುವವರು ಯಾರೇ ಇರಲಿ, ಇಂಥದ್ದೊಂದು ಇಟ್ಟುಕೊಳ್ಳಿ ಅಂತ ನಾನು ಕೈಮುಗಿದು ಹೇಳುತ್ತೇನೆ. ಯಾಕೆ ಅನ್ನೋದು ಮುಂದೆ ಬರುತ್ತದೆ.

ಅಷ್ಟರಲ್ಲಿ ಎಮಿಷನ್ ಸರ್ಟಿಫಿಕೇಟ್ ಅವಧಿ ಮುಗಿಯಿತು. ನಮ್ಮಂಥ ಹಳೆಯ ಗಾಡಿಗಳಿಗೆ ಅದು ಆರು ತಿಂಗಳಿಗೊಮ್ಮೆ. ಟೆಸ್ಟ್ ಮಾಡಿಸಿದರೆ ಫೇಲ್. ಆ ಸ್ಲಿಪ್ಪನ್ನು ಜನ ಸುಮ್ನೆ ಮಡಚಿ ಜೇಬಿಗಿಡುತ್ತಾರೆ, ಆದರೆ ಅದರಲ್ಲಿ ಬೇಕಾದಷ್ಟು ವಿಷಯ ಇರುತ್ತದೆ. ನಮ್ಮ ಕಾಲದ ಗಾಡಿಗೆ ಎಚ್‌ಸಿ 750 ಪಿಪಿಎಂ ಒಳಗೆ ಇರಬೇಕು, ಸಿಒ ಶೇಕಡಾ 0.5ರ ಒಳಗೆ. ನನಗೆ ಬಂದಿದ್ದು ಎಚ್‌ಸಿ 1,140, ಸಿಒ 0.3. ಎಚ್‌ಸಿ ಅಂದರೆ ಸುಡದೆ ಹಾಗೇ ಹೊರಬಿದ್ದ ಪೆಟ್ರೋಲ್. ಸಿಒ ಅಂದರೆ ಅರೆಬರೆ ಸುಟ್ಟಿದ್ದು. ಎಂಜಿನ್‌ಗೆ ಪೆಟ್ರೋಲ್ ಜಾಸ್ತಿ ಹೋಗುತ್ತಿದ್ದರೆ ಎರಡೂ ಏರಬೇಕಿತ್ತು. ಸಿಒ ಸರಿ ಇದ್ದು ಎಚ್‌ಸಿ ಒಂದೇ ಏರಿದೆ ಅಂದರೆ ಪೆಟ್ರೋಲ್ ಲೆಕ್ಕಕ್ಕೆ ಸರಿಯಾಗೇ ಹೋಗುತ್ತಿದೆ, ಯಾವುದೋ ಒಂದು ಸಿಲಿಂಡರಿನಲ್ಲಿ ಆಗಾಗ ಸುಡುತ್ತಿಲ್ಲ. ನೂರು ಚಿಲ್ಲರೆ ರೂಪಾಯಿಯ ಟೆಸ್ಟ್ ಇಷ್ಟನ್ನು ಹೇಳಿಬಿಟ್ಟಿತ್ತು.

ಮೊದಲ ಗ್ಯಾರೇಜಿನಲ್ಲಿ ಕಿಡಿ ಹೊಡೆಯುವ ಪ್ಲಗ್ಗು, ಪ್ಲಗ್ ವೈರು ಹೊಸದು ಹಾಕಿದರು. ಅವು ಹೇಗೂ ಹಳತಾಗಿದ್ದವು, ಬೇಜಾರಿಲ್ಲ. ಮಿಸ್ಸಿಂಗ್ ಹಾಗೇ ಉಳಿಯಿತು.

ಎರಡನೆಯದು ಸ್ವಲ್ಪ ದೊಡ್ಡ ಗ್ಯಾರೇಜು. ಸ್ಕ್ಯಾನರ್ ಹಚ್ಚಿದರು. ಒಂದು ಕೋಡೂ ಬರಲಿಲ್ಲ. ಇಲ್ಲಿ ಒಂದು ಮಾತು ಹೇಳಬೇಕು. ಗಾಡಿ ತನ್ನ ದೋಷವನ್ನು ತಾನೇ ಪತ್ತೆ ಹಚ್ಚುವ ಓಬಿಡಿ-2 ವ್ಯವಸ್ಥೆ ನಮ್ಮಲ್ಲಿ ಕಡ್ಡಾಯ ಆಗಿದ್ದು 2013ರ ಏಪ್ರಿಲ್‌ನಿಂದ. ಅದಾದ ಮೇಲಿನ ಗಾಡಿಗಳಲ್ಲಿ ಕಂಪ್ಯೂಟರ್ರೇ ಮಿಸ್ಸಿಂಗ್ ಲೆಕ್ಕ ಇಟ್ಟು, ಯಾವ ಸಿಲಿಂಡರ್ ಅಂತಲೂ ಹೇಳುತ್ತದೆ. ಪಿ0301 ಅಂದರೆ ಒಂದನೇದು, ಪಿ0303 ಅಂದರೆ ಮೂರನೇದು. ನಮ್ಮ ಕಾಲದ ಗಾಡಿಯ ಕಂಪ್ಯೂಟರ್‌ಗೆ ಸೆನ್ಸರ್ ಕೆಟ್ಟರೆ, ವೈರ್ ತುಂಡಾದರೆ ಗೊತ್ತಾಗುತ್ತದೆ. ಸಿಲಿಂಡರ್ ಒಳಗೆ ಏನಾಗಿದೆ ಅಂತ ಗೊತ್ತಾಗುವುದಿಲ್ಲ. ಹಾಗಾಗಿ ಸ್ಕ್ಯಾನರ್ ಖಾಲಿ ಬಂತು ಅಂದರೆ ಎಂಜಿನ್ ಸರಿ ಇದೆ ಅಂತ ಅಲ್ಲ. ಹೊಸ ಗಾಡಿಯಲ್ಲಿ ಕೋಡ್ ಬಂದರೂ ಅದು ಯಾವ ಸಿಲಿಂಡರ್ ಅಂತ ಹೇಳುತ್ತದೆ, ಯಾಕೆ ಅಂತ ಹೇಳುವುದಿಲ್ಲ. ಪಿ0303 ಕಂಡ ಕೂಡಲೇ ಪ್ಲಗ್ಗಿಗೆ ಕರೆಂಟ್ ಕೊಡುವ ಕಾಯಿಲ್ ಬದಲಿಸುವವರನ್ನು ನಾನು ಕಣ್ಣಾರೆ ನೋಡಿದ್ದೇನೆ.

ಅಲ್ಲಿ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರ್ ಕ್ಲೀನಿಂಗ್ ಆಯಿತು, ಗಾಳಿ ಒಳಬಿಡುವ ಥ್ರಾಟಲ್ ಬಾಡಿ ಕ್ಲೀನಿಂಗ್ ಆಯಿತು. ಮಿಸ್ಸಿಂಗ್ ಹೋಗಲಿಲ್ಲ. ಕೊನೆಗೆ, "ಎಂಜಿನ್ ಕೆಲಸಕ್ಕ ಬಂದೈತ್ರಿ ಸರ, ರಿಂಗ್ ಹೋಗ್ಯಾವ" ಅಂದರು. 25,000ಕ್ಕಿಂತ ಕಡಿಮೆ ಆಗಲ್ಲ ಅಂದರು. ಹೆಂಗ ಗೊತ್ತಾತ್ರಿ ಅಂತ ಕೇಳಿದೆ. "ಒಂದೂವರೆ ಲಕ್ಷ ಓಡೈತಲ್ರಿ, ಇನ್ನೇನ್ ಇರ್ತಾವ?"

ನನಗೆ ಸಿಟ್ಟು ಬಂದಿದ್ದು ಅಲ್ಲೇ. ರಿಂಗ್ ಅಂದರೆ ಪಿಸ್ಟನ್ ಸುತ್ತ ಸಂದು ಮುಚ್ಚುವ ಬಳೆ. ಅದು ಹೋಗಿದ್ದರೆ ಆಯಿಲ್ ಸುಡಬೇಕು, ಹಿಂದೆ ನೀಲಿ ಹೊಗೆ ಬರಬೇಕು. ಡೈರಿ ಪ್ರಕಾರ ಆಯಿಲ್ ಬದಲಿಸಿ 6,000 ಕಿಲೋಮೀಟರ್ ಆಗಿತ್ತು. ಡಿಪ್‌ಸ್ಟಿಕ್ ಎಳೆದು ನೋಡಿದರೆ ಮೇಲಿನ ಗೆರೆಯಿಂದ ಒಂದು ಕೂದಲೆಳೆ ಕೆಳಗೆ. ಹೊಗೆ ಇಲ್ಲವೇ ಇಲ್ಲ. ಗಾಡಿಗೆ ವಯಸ್ಸಾಗಿದೆ ಅನ್ನೋದು ರೋಗದ ಹೆಸರಲ್ಲ. ಎಂಜಿನ್ ಬಿಚ್ಚೋಕೆ ಹೇಳುವ ಮುಂಚೆ ಒಬ್ಬರೂ ಸಿಲಿಂಡರಿನೊಳಗಿನ ಒತ್ತಡ ಅಳೆಯುವ ಒಂದು ಕಂಪ್ರೆಶನ್ ಗೇಜ್ ಹಚ್ಚಿ ನೋಡಿರಲಿಲ್ಲ. ಗಾಡಿ ವಾಪಸ್ ತಂದೆ.

ಜೊತೆಗೆ ಕೆಲಸ ಮಾಡುವವರೊಬ್ಬರು ಗೋಕುಲ ರೋಡ್ ಕಡೆಯ ಒಬ್ಬ ಹಿರಿಯ ಮಿಸ್ತ್ರಿಯ ಹತ್ತಿರ ಕಳಿಸಿದರು. ತಗಡಿನ ಶೆಡ್ಡು, ಮುಂದೊಂದು ಬೇವಿನ ಗಿಡ, ಇಬ್ಬರು ಹುಡುಗರು. ಮಿಸ್ತ್ರಿ ಬಾನೆಟ್ ಎತ್ತಲೇ ಇಲ್ಲ. ಚಹಾ ತರಿಸಿ ಪ್ರಶ್ನೆ ಕೇಳಲು ಕೂತರು. ನೀರು ಕಡಿಮೆ ಆಗ್ತೈತೇನು? ಆಯಿಲ್? ಬೆಳಿಗ್ಗೆ ಹೆಂಗ? ಎ.ಸಿ. ಹಾಕಿದ್ರ? ನಾನು ಬರೆದಿಟ್ಟದ್ದನ್ನೆಲ್ಲ ಹೇಳಿದೆ. ಆಮೇಲೆ ಬಂತು ಯಾರೂ ಕೇಳದ ಪ್ರಶ್ನೆ.

"ಗ್ಯಾಸ್ ಮ್ಯಾಲೆ ಹೊಡಿತೈತೋ, ಪೆಟ್ರೋಲ್ ಮ್ಯಾಲೆ ಹೊಡಿತೈತೋ?"

"ಎರಡರ ಮ್ಯಾಲೂ ಹೊಡಿತೈತ್ರಿ."

"ಒಂದ ಸಮ?"

"ಒಂದ ಸಮ ಅದ ರೀ."

"ಹಂಗಾರ ಪೆಟ್ರೋಲ್ ಲೈನ್ ಬಿಡ್ರಿ, ಗ್ಯಾಸ್ ಲೈನೂ ಬಿಡ್ರಿ. ಎರಡಕ್ಕೂ ಕೂಡಿ ಏನೈತಿ, ಅದನ್ನ ಹಿಡಿಯೋಣು."

ಎಷ್ಟು ಸರಳ ನೋಡಿ. ಗ್ಯಾಸಿಗೆ ಹಾಕಿದಾಗ ಪೆಟ್ರೋಲ್ ಇಂಜೆಕ್ಟರ್‌ಗಳು ಬಂದ್ ಆಗಿರುತ್ತವೆ. ಪೆಟ್ರೋಲಿಗೆ ಹಾಕಿದಾಗ ಗ್ಯಾಸ್ ಕಿಟ್ ಕೆಲಸ ಮಾಡುವುದಿಲ್ಲ. ಎರಡರಲ್ಲೂ ಒಂದೇ ಥರ ಮಿಸ್ ಆಗುತ್ತಿದ್ದರೆ ಪಂಪು, ಫಿಲ್ಟರು, ಇಂಜೆಕ್ಟರು ಯಾವುದರ ಮೇಲೂ ಅನುಮಾನ ಬೇಕಿಲ್ಲ. ಉಳಿಯುವುದು ಮೂರೇ: ಕಿಡಿ, ಗಾಳಿ, ಕಂಪ್ರೆಶನ್. ಒಂದು ಪಾನಾ ಕೂಡ ಮುಟ್ಟದೆ ಅರ್ಧ ಎಂಜಿನ್ ಲೆಕ್ಕದಿಂದ ಹೊರಗೆ ಹೋಯಿತು. ಇಂಜೆಕ್ಟರ್ ಕ್ಲೀನಿಂಗಿಗೆ ಕೊಟ್ಟ ದುಡ್ಡು ನೆನಪಾಗಿ ಹೊಟ್ಟೆ ಉರಿಯಿತು.

ಆಮೇಲೆ ಗಾಡಿ ಬಿಸಿ ಮಾಡಿ ಪೆಟ್ರೋಲಿನಲ್ಲಿ ಐಡ್ಲಿಂಗಿಗೆ ಬಿಟ್ಟರು. ನಡುಗಲು ಶುರುವಾದ ಮೇಲೆ ಒಂದೊಂದೇ ಇಂಜೆಕ್ಟರಿನ ಕನೆಕ್ಟರ್ ಕಳಚಿ ಹಾಕುತ್ತಾ ಹೋದರು. ಒಂದನೇದು ಕಳಚಿದಾಗ ಎಂಜಿನ್ ಇನ್ನೂ ಜೋರಾಗಿ ನಡುಗಿತು. ಎರಡನೇದಕ್ಕೂ ಹಾಗೇ. ಮೂರನೇದು ಕಳಚಿದರು, ಎಂಜಿನ್‌ಗೆ ಗೊತ್ತೇ ಆಗಲಿಲ್ಲ. ನಾಲ್ಕಕ್ಕೆ ಮತ್ತೆ ನಡುಗಿತು. ಇದ್ದರೂ ಇಲ್ಲದಿದ್ದರೂ ಒಂದೇ ಅನ್ನುವಂತಿದ್ದ ಆ ಮೂರನೇ ಸಿಲಿಂಡರ್ರೇ ಸೋಮಾರಿ ಅಂತ ಖಾತ್ರಿ ಆಯಿತು. ಕೆಲವರು ಇದನ್ನೇ ಪ್ಲಗ್ ವೈರ್ ಕಿತ್ತು ಮಾಡುತ್ತಾರೆ. ಅದು ಬೇಡ. ಕೈಗೆ ಶಾಕ್ ಹೊಡೆಯುತ್ತದೆ, ಕಾಯಿಲ್‌ಗೂ ಪೆಟ್ಟು.

ಮೂರನೇ ಪ್ಲಗ್ಗನ್ನು ಒಂದಕ್ಕೆ ಹಾಕಿ, ಒಂದರದ್ದನ್ನು ಮೂರಕ್ಕೆ ಹಾಕಿದರು. ವೈರುಗಳನ್ನೂ ಹಾಗೇ ಅದಲುಬದಲು ಮಾಡಿದರು. ಪ್ಲಗ್ ಕೆಟ್ಟಿದ್ದರೆ ರೋಗ ಪ್ಲಗ್ಗಿನ ಜೊತೆ ಒಂದಕ್ಕೆ ಹೋಗಬೇಕಿತ್ತು. ಹೋಗಲಿಲ್ಲ, ಮೂರರಲ್ಲೇ ನಿಂತಿತು. ಹೊಸ ಸಾಮಾನು ತರದೇ, ಇದ್ದುದರಲ್ಲೇ ಜಾಗ ಬದಲಿಸಿ ಪರೀಕ್ಷೆ ಮಾಡುವ ಈ ಪದ್ಧತಿ ನನಗೆ ತುಂಬ ಹಿಡಿಸಿತು. ಇನ್‌ಟೇಕ್ ಹತ್ತಿರ ಗಾಳಿ ಎಳೆಯುತ್ತಿದೆಯೇನೋ ಅಂತ ಪೈಪು, ಗ್ಯಾಸ್ಕೆಟ್ ಸುತ್ತ ಸ್ಪ್ರೇ ಹೊಡೆದೂ ನೋಡಿದರು. ಎಂಜಿನ್ ಸದ್ದು ಬದಲಾಗಲಿಲ್ಲ.

ಇನ್ನು ಕಂಪ್ರೆಶನ್. ಎಂಜಿನ್ ಬಿಸಿ ಇರುವಾಗಲೇ ನಾಲ್ಕೂ ಪ್ಲಗ್ ತೆಗೆದು, ಇಂಜೆಕ್ಟರ್, ಕಾಯಿಲ್ ಕನೆಕ್ಷನ್ ಬಿಡಿಸಿ, ನನ್ನನ್ನು ಸೀಟಿನಲ್ಲಿ ಕೂರಿಸಿದರು. ಆಕ್ಸಿಲರೇಟರ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕು. ಒತ್ತದಿದ್ದರೆ ಗಾಳಿ ಒಳಗೆ ಹೋಗದೆ ಗೇಜ್ ಕಡಿಮೆ ತೋರಿಸುತ್ತದೆ. ಬ್ಯಾಟರಿ ಸುಸ್ತಾಗಿದ್ದರೂ ಅಷ್ಟೇ, ಅದಕ್ಕೆ ಇನ್ನೊಂದು ಬ್ಯಾಟರಿ ಜೋಡಿಸಿಕೊಂಡರು. ಒಂದನೇದು 170 ಪೌಂಡ್ ಒತ್ತಡ, ಎರಡು 165, ನಾಲ್ಕು 165. ಮೂರನೇದಕ್ಕೆ ಮುಳ್ಳು 95ಕ್ಕೆ ಬಂದು ನಿಂತಿತು.

ಮಿಸ್ತ್ರಿ ಎಣ್ಣೆ ಡಬ್ಬಿಯಿಂದ ಒಂದು ಚಮಚೆಯಷ್ಟು ಎಂಜಿನ್ ಆಯಿಲ್ ಮೂರನೇ ಪ್ಲಗ್ ತೂತಿನಿಂದ ಬಿಟ್ಟು ಮತ್ತೆ ನೋಡಿದರು. ರಿಂಗ್ ಸವೆದಿದ್ದರೆ ಆ ಆಯಿಲ್ ಸಂದು ಮುಚ್ಚಿ ಕಂಪ್ರೆಶನ್ ಮೇಲೇಳಬೇಕು. 100 ಬಂತು. ಏಳಲಿಲ್ಲ ಅಂತಲೇ ಲೆಕ್ಕ. ರಿಂಗ್ ಹೋಗ್ಯಾವ ಅನ್ನುವ ಮಾತು ಅಲ್ಲಿಗೆ ಬಿತ್ತು. 25,000 ಖರ್ಚು ಮಾಡಿ ರಿಂಗ್, ಪಿಸ್ಟನ್ ಹಾಕಿಸಿದ್ದರೂ ನಡುಕ ಅಲ್ಲೇ ಇರುತ್ತಿತ್ತು. ಎಂಜಿನ್ನಿನ ಮೇಲ್ಭಾಗದ (ಹೆಡ್) ಸಂದು ಮುಚ್ಚುವ ಹೆಡ್ ಗ್ಯಾಸ್ಕೆಟ್ ಕಡೆಗೂ ಬೊಟ್ಟು ಮಾಡುವ ಹಾಗಿರಲಿಲ್ಲ. ಅದು ಹೋದರೆ ಸಾಮಾನ್ಯವಾಗಿ ಅಕ್ಕಪಕ್ಕದ ಎರಡು ಸಿಲಿಂಡರ್ ಒಟ್ಟಿಗೆ ಬೀಳುತ್ತವೆ, ಇಲ್ಲವೇ ನೀರು ಕಡಿಮೆಯಾಗುತ್ತದೆ.

ಮುಂದಿನ ಪರೀಕ್ಷೆಯನ್ನು ನಾನು ಮರೆಯುವುದಿಲ್ಲ. ಮಿಸ್ತ್ರಿ ಡಬ್ಬದಿಂದ ಒಂದು ಹಳೆಯ ಪ್ಲಗ್ ತೆಗೆದರು. ಒಳಗಿನ ಪಿಂಗಾಣಿ ಒಡೆದು ತೆಗೆದು, ಬರೀ ಕಬ್ಬಿಣದ ಹೊರಮೈ ಉಳಿಸಿ, ಅದರ ತಲೆಗೆ ಗಾಳಿ ಪೈಪ್ ಕೂರುವ ನಿಪ್ಪಲ್ ಬೆಸುಗೆ ಹಾಕಿದ್ದರು. ಅವರೇ ಮಾಡಿಕೊಂಡ ಸಾಮಾನು. "ಲೇ ತಮ್ಮಾ, ಪುಲ್ಲಿ ತಿರುವು, ಮೆಲ್ಲಕ" ಅಂತ ಹುಡುಗನಿಗೆ ಹೇಳಿ, ಮೂರನೇ ಪ್ಲಗ್ ತೂತಿನ ಮೇಲೆ ತಮ್ಮ ಹೆಬ್ಬೆರಳು ಇಟ್ಟರು. ಒಳಗಿನ ಗಾಳಿ ಬೆರಳನ್ನು ತಳ್ಳಿದರೆ ಪಿಸ್ಟನ್ ಕಂಪ್ರೆಶನ್‌ಗೆ ಏರುತ್ತಿದೆ ಅಂತ. ಪೂರ್ತಿ ಮೇಲೆ ಬಂದಾಗ ನಿಲ್ಲಿಸಿದರು. ಆ ಜಾಗದಲ್ಲಿ ಎರಡೂ ವಾಲ್ವ್, ಅಂದರೆ ಗಾಳಿ ಒಳಬಿಡುವ ಇನ್‌ಟೇಕ್ ಮತ್ತು ಹೊಗೆ ಹೊರಬಿಡುವ ಎಕ್ಸಾಸ್ಟ್, ಮುಚ್ಚಿರಬೇಕು. ಮಾಡಿಕೊಂಡ ಪ್ಲಗ್ಗನ್ನು ತಿರುವಿ ಕೂರಿಸಿ, ಟೈರಿಗೆ ಹೊಡೆಯುವ ಕಂಪ್ರೆಸರ್‌ನಿಂದ ಗಾಳಿ ಬಿಟ್ಟರು.

"ಕಿವಿ ಕೊಟ್ಟ ಕೇಳ್ರಿ ಸರ" ಅಂದರು. ಆಯಿಲ್ ಹಾಕುವ ಮುಚ್ಚಳ ತೆಗೆದು ಕೇಳಿದೆ, ಹೆಚ್ಚೇನಿಲ್ಲ. ಅಲ್ಲಿ ಜೋರಾಗಿ ಬುಸ್ ಅಂದರೆ ರಿಂಗ್. ಥ್ರಾಟಲ್ ಬಾಯಿಗೆ ಕಿವಿ ಕೊಟ್ಟೆ, ಇಲ್ಲ. ಅಲ್ಲಿ ಬಂದರೆ ಇನ್‌ಟೇಕ್ ವಾಲ್ವ್. ರೇಡಿಯೇಟರ್‌ನಲ್ಲಿ ಗುಳ್ಳೆ ಏಳಲಿಲ್ಲ. ಎದ್ದಿದ್ದರೆ ಹೆಡ್ ಗ್ಯಾಸ್ಕೆಟ್. ಕೊನೆಗೆ ಹಿಂದೆ ಹೋಗಿ ಸೈಲೆನ್ಸರ್ ಬಾಯಿ ಹತ್ತಿರ ಬಗ್ಗಿದೆ. ಸುಯ್ ಅಂತ ಒಂದೇ ಸಮನೆ ಗಾಳಿ. ಅಂಗೈ ಹಿಡಿದರೆ ಬೆಚ್ಚಗೆ ತಾಗುತ್ತಿತ್ತು. ಎಂಜಿನ್ ನಿಂತಿದೆ, ವಾಲ್ವ್ ಮುಚ್ಚಿರಬೇಕಾದ ಜಾಗದಲ್ಲಿದೆ, ಆದರೂ ಮೂರನೇ ಸಿಲಿಂಡರಿಗೆ ಬಿಟ್ಟ ಗಾಳಿ ಎಕ್ಸಾಸ್ಟ್ ವಾಲ್ವ್ ದಾಟಿ ನನ್ನ ಕೈಗೆ ಬರುತ್ತಿದೆ. ಇಷ್ಟು ದಿನ ಊಹೆಯಲ್ಲಿದ್ದ ರೋಗವನ್ನು ಕೈಯಲ್ಲಿ ಹಿಡಿದ ಹಾಗಾಯಿತು. ನಿಜ ಹೇಳಬೇಕೆಂದರೆ ನನಗೆ ಖುಷಿಯೇ ಆಯಿತು.

ಮಿಸ್ತ್ರಿ ಅಷ್ಟಕ್ಕೆ ಹೆಡ್ ಬಿಚ್ಚೋಣ ಅನ್ನಲಿಲ್ಲ. "ಟ್ಯಾಪೆಟ್ ಸೆಟ್ಟಿಂಗ್ ಯಾವಾಗ ಆಗೈತಿ?" ಅಂತ ಕೇಳಿದರು. ಡೈರಿ ತೆಗೆದೆ. ಅಪ್ಪನ ಅಕ್ಷರದಲ್ಲಿ ಒಂದೇ ಸಲ ಬರೆದಿತ್ತು, 62,000 ಕಿಲೋಮೀಟರ್‌ಗೆ. ಗ್ಯಾಸ್ ಕಿಟ್ ಹಾಕಿಸಿದ್ದು ಅದರ ಮುಂದಿನ ಪುಟದಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಟ್ಯಾಪೆಟ್ ಮಾತೇ ಇಲ್ಲ. ಮಿಸ್ತ್ರಿ ಆ ಪುಟವನ್ನು ಎರಡು ಸಲ ನೋಡಿ ಗಾಡಿ ಬಿಟ್ಟು ಹೋಗಲು ಹೇಳಿದರು. ಸೆಟ್ಟಿಂಗ್ ನೋಡಲು ಎಂಜಿನ್ ಪೂರ್ತಿ ತಣ್ಣಗಾಗಬೇಕು.

ಟ್ಯಾಪೆಟ್ ಅಂತ ನಮ್ಮ ಗ್ಯಾರೇಜುಗಳಲ್ಲಿ ಕರೆಯುವುದು ವಾಲ್ವ್ ಮತ್ತು ಅದನ್ನು ಒತ್ತುವ ರಾಕರ್ ನಡುವಿನ ಸಂದನ್ನು. ಲೋಹ ಬಿಸಿಗೆ ಹಿಗ್ಗುತ್ತದೆ, ಅದಕ್ಕೆ ಜಾಗ ಅಂತ ತಣ್ಣಗಿದ್ದಾಗ ಕೂದಲೆಳೆಯಷ್ಟು ಸಂದು ಬಿಟ್ಟಿರುತ್ತಾರೆ. ಆ ಸಂದು ಜಾಸ್ತಿಯಾದರೆ ಟಿಕ್ ಟಿಕ್ ಅಂತ ಸದ್ದು ಬರುತ್ತದೆ, ಎಲ್ಲರಿಗೂ ಕೇಳುತ್ತದೆ, ಗ್ಯಾರೇಜಿಗೆ ಓಡುತ್ತೇವೆ. ಕಡಿಮೆಯಾದರೆ? ಸದ್ದೇ ಇರುವುದಿಲ್ಲ. ಎಂಜಿನ್ ಮೊದಲಿಗಿಂತ ಮೆತ್ತಗಾಯಿತು ಅಂತ ಖುಷಿ ಬೀಳುತ್ತೇವೆ. ಆದರೆ ಅಪಾಯ ಇರುವುದು ಇದರಲ್ಲೇ. ಸಂದು ಇಲ್ಲದಿದ್ದರೆ ಬಿಸಿಯಾದ ವಾಲ್ವ್ ಹಿಗ್ಗಿ, ಪೂರ್ತಿ ಮುಚ್ಚಿಕೊಳ್ಳದೆ ತುಸು ತೆರೆದೇ ಉಳಿಯುತ್ತದೆ. ಎಕ್ಸಾಸ್ಟ್ ವಾಲ್ವ್ ತನ್ನ ಬಿಸಿಯನ್ನು ಬಹುಪಾಲು ಬಿಟ್ಟುಕೊಡುವುದು ಹೆಡ್ಡಿನಲ್ಲಿ ತಾನು ಕೂರುವ ಅಂಚಿನ, ಅಂದರೆ ಸೀಟಿನ, ಮೇಲೆ ಕೂತಾಗ. ಕೂರಲೇ ಇಲ್ಲ ಅಂದರೆ ಬಿಸಿ ಇಳಿಯುವುದಿಲ್ಲ, ಅಂಚು ಸುಡಲು ಶುರುವಾಗುತ್ತದೆ.

ಗ್ಯಾಸಿನ ಗಾಡಿಗಳಲ್ಲಿ ಇದು ಬೇಗ ಆಗುತ್ತದೆ. ಎಲ್‌ಪಿಜಿ ಒಣ ಇಂಧನ. ವಾಲ್ವ್ ಮತ್ತು ಸೀಟಿನ ನಡುವೆ ಪೆಟ್ರೋಲಿನಲ್ಲಿ ಇರುವಷ್ಟು ರಕ್ಷಣೆ ಇರುವುದಿಲ್ಲ. ಸೀಟು ಸವೆದು ವಾಲ್ವ್ ಹೆಡ್ಡಿನೊಳಕ್ಕೆ ಇಳಿಯುತ್ತಾ ಹೋಗುತ್ತದೆ. ಅದು ಇಳಿದಷ್ಟೂ ಅದರ ಇನ್ನೊಂದು ತುದಿ ರಾಕರ್ ಕಡೆ ಏರುತ್ತದೆ, ಸಂದು ತಿಂದುಹೋಗುತ್ತದೆ. ಗ್ಯಾಸ್ ಕಿಟ್ ಹಾಕುವವರು ಉಳಿಯುವ ದುಡ್ಡಿನ ಲೆಕ್ಕ ಹೇಳುತ್ತಾರೆ. ಟ್ಯಾಪೆಟ್ ಪದೇಪದೇ ನೋಡಿಸಿ ಅಂತಲೂ ಹೇಳಬೇಕು. ನಮಗೆ ಯಾರೂ ಹೇಳಿರಲಿಲ್ಲ.

ಈಗ ಎಲ್ಲಾ ಲಕ್ಷಣವೂ ಒಂದಕ್ಕೊಂದು ಕೂಡಿಕೊಂಡಿತು. ತಣ್ಣಗಿದ್ದಾಗ ವಾಲ್ವ್ ಹಿಗ್ಗಿರುವುದಿಲ್ಲ, ಅದಕ್ಕೇ ಬೆಳಗ್ಗೆ ಎಂಜಿನ್ ನೆಟ್ಟಗೆ. ಬಿಸಿಯಾದ ಮೇಲೆ ಸೋರಿಕೆ. ನಿಂತಾಗ ಎಂಜಿನ್ ನಿಧಾನ ತಿರುಗುವುದರಿಂದ ಪ್ರತಿ ಸಲವೂ ಸೋರಲು ಬೇಕಾದಷ್ಟು ಹೊತ್ತು ಸಿಗುತ್ತದೆ. ರೇಸ್ ಕೊಟ್ಟರೆ ಸೋರುವಷ್ಟರಲ್ಲಿ ಕಿಡಿ ಬಿದ್ದು ಸುಟ್ಟೇ ಹೋಗಿರುತ್ತದೆ.

ಮರುದಿನ ಬೆಳಗ್ಗೆ ಟ್ಯಾಪೆಟ್ ಕವರ್ ತೆಗೆದು ಫಿಲ್ಲರ್ ಗೇಜ್, ಅಂದರೆ ಸಂದು ಅಳೆಯುವ ತೆಳು ಪಟ್ಟಿಗಳ ಕಟ್ಟು, ಹಿಡಿದರು. ಈ ಎಂಜಿನ್‌ಗೆ ತಣ್ಣಗಿದ್ದಾಗ 0.15ರಿಂದ 0.20 ಮಿಲಿಮೀಟರ್ ಸಂದು ಇರಬೇಕು. ಅಳತೆ ಒಂದೊಂದು ಎಂಜಿನ್‌ಗೆ ಒಂದೊಂದು, ನಿಮ್ಮ ಗಾಡಿಯ ಪುಸ್ತಕ ನೋಡಿ. ಕೆಲವು ಎಂಜಿನ್‌ಗಳಲ್ಲಿ ಸ್ಕ್ರೂ ಇರುವುದಿಲ್ಲ, ಬಿಲ್ಲೆ ಬದಲಿಸಬೇಕು. ಎಣ್ಣೆಯ ಒತ್ತಡದಿಂದ ಸಂದನ್ನು ತಾನೇ ಸರಿ ಮಾಡಿಕೊಳ್ಳುವ ಹೈಡ್ರಾಲಿಕ್ ಇದ್ದರೆ ಸೆಟ್ಟಿಂಗೇ ಬೇಕಿಲ್ಲ. ನಮ್ಮದರಲ್ಲಿ ಸ್ಕ್ರೂ ಇತ್ತು. ಒಂದು, ಎರಡು, ನಾಲ್ಕರ ಎಕ್ಸಾಸ್ಟ್ ಸಂದಿನಲ್ಲಿ 0.10ರ ಪಟ್ಟಿ ಹೇಗೋ ತೂರಿತು. ಮೂರನೇದಕ್ಕೆ ಗೇಜಿನಲ್ಲೇ ಅತಿ ತೆಳು ಪಟ್ಟಿ, 0.05ರದ್ದು, ಅದೂ ಹೋಗಲಿಲ್ಲ. ಮಿಸ್ತ್ರಿ ನನ್ನ ಕೈಗೇ ಪಟ್ಟಿ ಕೊಟ್ಟು, "ನೀವ ನೋಡ್ರಿ" ಅಂದರು. ತಳ್ಳಿದೆ, ಬಾಗಿತು, ಒಳಗೆ ಹೋಗಲಿಲ್ಲ.

ಲಾಕ್ ನಟ್ ಸಡಿಲಿಸಿ, ಸ್ಕ್ರೂ ತಿರುವಿ, ಪಟ್ಟಿ ಇಟ್ಟು ಎಳೆದು ನೋಡಿ, ನಟ್ ಬಿಗಿ ಮಾಡಿ, ಮತ್ತೆ ಎಳೆದು ನೋಡಿದರು. ನಟ್ ಬಿಗಿ ಮಾಡುವಾಗ ಅಳತೆ ಜರುಗುತ್ತದೆ, ಆ ಎರಡನೇ ಸಲ ಬಿಡಬಾರದು ಅಂದರು. ಪಟ್ಟಿ ಎಷ್ಟು ಬಿಗಿ ಇರಬೇಕು ಅಂತ ಕೇಳಿದ್ದಕ್ಕೆ ಜೇಬಿನಿಂದ ಹೊಸ ನೋಟು ತೆಗೆದು ನನ್ನ ಎರಡು ಬೆರಳ ನಡುವೆ ಇಟ್ಟು ಎಳೆದರು. ಅಷ್ಟು ಹಿಡಿತ. ಎಂಟೂ ವಾಲ್ವ್ ಮುಗಿಸಿ, ಕವರಿಗೆ ಹೊಸ ಗ್ಯಾಸ್ಕೆಟ್ ಹಾಕಿ ಮುಚ್ಚಿದರು. ಎಂಜಿನ್ ಬಿಸಿ ಮಾಡಿ ಐಡ್ಲಿಂಗಿಗೆ ಬಿಟ್ಟರೆ ನಡುಕ ಇಲ್ಲ. ಸಣ್ಣಗೆ ಟಿಕ್ ಟಿಕ್ ಸದ್ದು ಮಾತ್ರ ಬಂದಿದೆ. "ಆ ಸದ್ದ ಇರ್ಲಿ ಬಿಡ್ರಿ, ಅದು ಛಲೋ" ಅಂದರು. ಗ್ಯಾಸ್ಕೆಟ್, ಕೂಲಿ ಎಲ್ಲಾ ಸೇರಿ 1,500 ರೂಪಾಯಿ ಒಳಗೆ ಮುಗಿಯಿತು. ಪರೀಕ್ಷೆ ಮಾಡಿದ್ದಕ್ಕೆ ಬೇರೆ ದುಡ್ಡು ಕೇಳಲೇ ಇಲ್ಲ. ನಾನೇ ಒತ್ತಾಯ ಮಾಡಿ ಕೊಟ್ಟೆ. ರೋಗ ಹಿಡಿದದ್ದೇ ದೊಡ್ಡ ಕೆಲಸ, ಸ್ಕ್ರೂ ತಿರುವಿದ್ದಲ್ಲ.

ಒಂದಷ್ಟು ಓಡಿದ ಮೇಲೆ ಮತ್ತೆ ಕಂಪ್ರೆಶನ್ ನೋಡಿದೆವು. ಮೂರನೇದು 145. ಉಳಿದವು 165, 170. ಅಂದರೆ ವಾಲ್ವ್ ಅಂಚು ಸ್ವಲ್ಪ ಸುಟ್ಟಿರಬೇಕು, ಪೂರ್ತಿ ಮೊದಲಿನ ಹಾಗೆ ಆಗಿಲ್ಲ. ಎಮಿಷನ್ ಟೆಸ್ಟ್ ಪಾಸಾಯಿತು, ಎಚ್‌ಸಿ 240. ಸ್ಲಿಪ್ಪನ್ನು ಹಳೆಯದರ ಪಕ್ಕದಲ್ಲೇ ಡೈರಿಗೆ ಅಂಟಿಸಿದ್ದೇನೆ.

ಗ್ಯಾಸ್ ಕಿಟ್ ಕಿತ್ತು ಹಾಕಿಲ್ಲ. ಆದರೆ ಬೆಳಗ್ಗೆ ಧಾರವಾಡದಿಂದ ಹೊರಡುವಾಗಲೂ, ಗದಗಕ್ಕೆ ಜೋರಾಗಿ ಹೋಗುವಾಗಲೂ ಪೆಟ್ರೋಲೇ ಹಾಕುತ್ತೇನೆ. ಗ್ಯಾಸ್ ಊರೊಳಗೆ ಮಾತ್ರ. 10,000 ಕಿಲೋಮೀಟರ್ ಆದ ಮೇಲೆ ಕವರ್ ತೆಗೆದು ಸಂದು ಅಳೆಯಬೇಕು, ಮೂರನೇದರ ಕಂಪ್ರೆಶನ್ ನೋಡಬೇಕು ಅಂತ ಮಿಸ್ತ್ರಿ ಬರೆಸಿದ್ದಾರೆ. 145 ಅಲ್ಲೇ ನಿಂತಿದ್ದರೆ ಸೆಟ್ಟಿಂಗ್ ಮಾಡಿ ಮುಚ್ಚುತ್ತೇವೆ. ಇಳಿದಿದ್ದರೆ ಹೆಡ್ ಬಿಚ್ಚಿಸಿ ವಾಲ್ವ್, ಸೀಟು ಎರಡನ್ನೂ ಮಾಡಿಸುತ್ತೇನೆ. ಅದಕ್ಕೆ ಈಗಿನಿಂದಲೇ ದುಡ್ಡು ತೆಗೆದಿಡುತ್ತಿದ್ದೇನೆ.